ಹಕ್ಕಿ: ಇಲ್ಲ

ತರಬೇತಿಗೆಂದು ಕಳಿಸಿದರು, ಹನ್ನೊಂದು ದಿನ,
ದೊಡ್ಡ ನಿಲ್ದಾಣಕ್ಕೆ.
ಅದರ ಹೆಸರು ಬೇಡ. ಅಲ್ಲಿ ಯಾರಿಗೂ ನನ್ನ ಹೆಸರೂ ಬೇಕಿರಲಿಲ್ಲ,
ಕೊರಳಲ್ಲಿ ನೇತುಹಾಕಿದ ಸಂಖ್ಯೆ ಸಾಕಿತ್ತು.

ನಡೆಯುವ ನೆಲವದು. ನಿಂತರೂ ಮುಂದೆ ಹೋಗುತ್ತೀರಿ.
ಗಾಜಿಗೆ ಮೂಗು ತಾಗಿಸಿ ಎಣಿಸತೊಡಗಿದೆ,
ಇಳಿದವು, ಏರಿದವು, ಸಾಲಿನಲ್ಲಿ ಕಾದವು.
ಎಪ್ಪತ್ತಕ್ಕೆ ಲೆಕ್ಕ ತಪ್ಪಿತು,
ಊಟದ ಹೊತ್ತೂ ಆಗಿರಲಿಲ್ಲ.

ಅಲ್ಲಿ ನನ್ನ ಕೆಲಸವನ್ನು ಯಂತ್ರ ಮಾಡುತ್ತದೆ.
ಕಂಬದ ಮೇಲಿನ ಡಬ್ಬಿ ಹದ್ದಿನಂತೆ ಕೂಗುತ್ತದೆ.
ಹದ್ದಿಲ್ಲ.
ಹೆದರುವ ಹಕ್ಕಿಯೂ ಇಲ್ಲ.
ಕೂಗು ಮಾತ್ರ, ಇಪ್ಪತ್ತು ನಿಮಿಷಕ್ಕೊಮ್ಮೆ.

ನಮ್ಮದು ತೋರಣಗಲ್ಲು.
ದಿನಕ್ಕೊಂದು ವಿಮಾನ, ಅದೂ ಆಗಾಗ ರಜೆ ಹಾಕುತ್ತದೆ.
ಬಸ್ ಸ್ಟ್ಯಾಂಡಿನಷ್ಟು ಕಟ್ಟಡ, ಒಂದು ಬೇವಿನ ಮರ,
ತೂಕದ ಯಂತ್ರದ ಮುಂದೆ ಪರ್ವೀನಾ.
ಚೀಲ ಎತ್ತಿಯೇ ಹೇಳುತ್ತಾಳೆ: ಹದಿನೇಳೂವರೆ.
ಯಂತ್ರವೂ ಅದನ್ನೇ ಹೇಳುತ್ತದೆ, ಸ್ವಲ್ಪ ತಡವಾಗಿ.
ವಾರಕ್ಕೊಮ್ಮೆ ಬೆಂಕಿ ಆರಿಸುವ ಗಾಡಿ ನೀರು ಹಾರಿಸಿ ನೋಡುತ್ತದೆ,
ಆ ದಿನ ಬೇಲಿಯಾಚೆ ಹುಡುಗರು
ಬರೀ ಚಡ್ಡಿಯಲ್ಲಿ ಕಾದಿರುತ್ತಾರೆ.
ಸುತ್ತ ಕೆಂಪು. ಅದಿರಿನ ಧೂಳು
ರನ್‌ವೇಯ ಎರಡೂ ದಂಡೆಗೆ ಬಂದು ಬಂದು ಬಡಿಯುತ್ತದೆ.

ಪೈಲಟ್ ಒಬ್ಬಾಕೆ, ಮೊದಲು ದ್ವೀಪಕ್ಕೆ ಹಾರಿಸುತ್ತಿದ್ದವಳು,
ಬೇವಿನ ನೆರಳಲ್ಲಿ ಒಗ್ಗಾಣಿ ತಿನ್ನುತ್ತ ಹೇಳಿದಳು:
"ಅಲ್ಲೂ ಹೀಗೇ. ಮೇಲಿಂದ ನೋಡಿದರೆ ಒಂದು ಬೆಂಕಿಕಡ್ಡಿ.
ಎರಡೂ ಕಡೆ ನೀರು. ತಪ್ಪಿದರೆ ಇನ್ನೊಂದು ಕಡ್ಡಿ ಇಲ್ಲ."
ನಾನು ಸಮುದ್ರ ನೋಡಿಲ್ಲ.
ಚಿಕ್ಕವನಿದ್ದಾಗ ಹೊಸಪೇಟೆ ಡ್ಯಾಮಿನ ನೀರು ತೋರಿಸಿ
ಇದೇನಾ ಅಂತ ಅಪ್ಪನನ್ನು ಕೇಳಿದ್ದೆ.
ಅವನೂ ನೋಡದವನೇ. "ಅದು ಇದರ ಅಣ್ಣ" ಅಂದಿದ್ದ.

ನನ್ನ ಕೆಲಸ ಹೇಳಲಿಲ್ಲ. ಹಕ್ಕಿ ಓಡಿಸುವುದು.
ಎಂಟು ವರ್ಷಕ್ಕೆ ದರೋಜಿಯ ಜೋಳದ ಹೊಲದಲ್ಲಿ
ಅಟ್ಟಣಿಗೆ ಹತ್ತಿ ಕವಣೆ ಬೀಸುತ್ತಿದ್ದೆ.
ಈಗ ಸಮವಸ್ತ್ರ, ವಾಕಿಟಾಕಿ, ಕಂಪನಿಯ ಪಟಾಕಿ.
ಗಂಟಲು ಅದೇ.

ವಿಮಾನಕ್ಕೆ ಅರ್ಧ ಗಂಟೆ ಮುಂಚೆ ಇಡೀ ರನ್‌ವೇ ನಡೆದು
ಪುಸ್ತಕದಲ್ಲಿ ಬರೆಯಬೇಕು:
ನಾಯಿ: ಇಲ್ಲ. ಕಲ್ಲು: ಇಲ್ಲ. ಹಕ್ಕಿ: ಇಲ್ಲ.
ಕೆಳಗೆ ಸಹಿ, ಕೆ. ಓಬಳೇಶ.

ಮಾರ್ಚ್ ಕೊನೆಗೆ, ಪೂರ್ವದ ತುದಿಯ ಜಲ್ಲಿಯಲ್ಲಿ
ಟಿಟ್ಟಿಭವೊಂದು ನನ್ನ ತಲೆಗೇ ಎರಗಿತು.
ಬೈದದ್ದೇ ಬೈದದ್ದು.
ಎತ್ತಿದ ಕಾಲು ಎತ್ತಿದಲ್ಲೇ ನಿಲ್ಲಿಸಿದೆ.
ನಾಲ್ಕು ಮೊಟ್ಟೆ. ಗೂಡಿಲ್ಲ, ಹುಲ್ಲಿಲ್ಲ,
ಕಲ್ಲಿನ ನಡುವೆ ಕಲ್ಲಿನ ಬಣ್ಣ.

ನಿಯಮ ಗೊತ್ತು. ದೊಡ್ಡ ನಿಲ್ದಾಣದ ಪರದೆ ಮೇಲೆ ತೋರಿಸಿದ್ದರು,
ಮೊಟ್ಟೆ ಕಂಡರೆ ಯಾವ ಬಣ್ಣದ ಚೀಲ ಅಂತ.
ಹಳದಿ.
ಜೇಬಲ್ಲೇ ಇತ್ತು.

ಪರ್ವೀನಾಗೆ ಮಾತ್ರ ಹೇಳಿದೆ.
"ತೂಕ ಎಷ್ಟೈತಿ?"
"ಎತ್ತಿಲ್ಲ."
"ಎತ್ತಬ್ಯಾಡ."

ವಿಮಾನ ಮೈಮೇಲೆ ಬಂದಂತೆ ಇಳಿದರೂ ಅದು ಏಳುವುದಿಲ್ಲ.
ನಾನು ಬಂದರೆ ಏಳುತ್ತದೆ.
ಹಾಗಾಗಿ ಕೊನೆಯ ನಲವತ್ತು ಹೆಜ್ಜೆ ನಡೆಯುವುದು ಬಿಟ್ಟೆ.
ಇಪ್ಪತ್ತೇಳು ದಿನ ಸಹಿ ಹಾಕಿದೆ,
ಹಕ್ಕಿ: ಇಲ್ಲ.

ಇಪ್ಪತ್ತೆಂಟನೆಯ ದಿನ ವಾಕಿಟಾಕಿಯಲ್ಲಿ ಅಂದೆ, ಎರಡು ನಿಮಿಷ ತಡೀರಿ ಸರ್.
"ಏನದು ಅಡ್ಡ?"
"ಏನಿಲ್ಲ. ಗಾಳಿ."
ಗಾಳಿಪಟ್ಟೆ ಕಂಬಕ್ಕೆ ಒರಗಿ ಮಲಗಿತ್ತು.
ಅಲ್ಲಾಗಿದ್ದರೆ ಎರಡು ನಿಮಿಷಕ್ಕೆ
ಆಕಾಶದಲ್ಲಿ ಎಷ್ಟು ಊರು ಕಾಯಬೇಕಿತ್ತೋ.
ಇಲ್ಲಿ ಆಕೆ ಸಂಡೂರಿನ ಗುಡ್ಡಕ್ಕೆ
ಇನ್ನೊಂದು ಸುತ್ತು ಹಾಕಿ ಬಂದಳು, ಅಷ್ಟೇ.

ಸಂಜೆ ಪುಸ್ತಕ ತೆರೆದೆ.
ನಾಯಿ: ಇಲ್ಲ. ಹಕ್ಕಿ: ಇಲ್ಲ.
ಕಲ್ಲು: ನಾಲ್ಕು. ತಾವೇ ನಡೆದು ದಾಟಿದವು.