ಕೋಟು

ಮಂಗಳವಾರ ಸಂಜೆ ಏಳಕ್ಕೆ, ಸ್ವಾನ್ಸಿಯ ಬಂದರಿನಲ್ಲಿ,
ದೋಣಿ ಕ್ಲಬ್ಬಿನ ಮಹಡಿಯ ಕೋಣೆ.
ಗೋಡೆಗೆ ಹಳೆಯ ಹುಟ್ಟುಗಳು, ಒದ್ದೆ ಹಗ್ಗದ ವಾಸನೆ,
ಏಳು ಕುರ್ಚಿ. ಒಂದರ ಕಾಲು ಗಿಡ್ಡ.
ಅದರಲ್ಲಿ ನಾನು.

ಆಸ್ಪತ್ರೆಯ ಪಟ್ಟಿಯಲ್ಲಿ ನನ್ನ ಸರದಿಗೆ
ಇನ್ನೂ ಹನ್ನೊಂದು ತಿಂಗಳು.
ಕಾಯಿಲೆಯ ಹೆಸರಲ್ಲೇ ಒಂದು ಗಡಿಯಿದೆ;
ಯಾವ ಊರಿಗೂ ಯಾವ ಊರಿಗೂ ನಡುವಿನದೆಂದು
ಡಾಕ್ಟರು ಹೇಳಲಿಲ್ಲ. ಚೀಟಿ ಕೊಟ್ಟರು.

ನೆರಿಸ್ ಹೇಳಿದಳು:
ಗೆಳತಿಯ ಉತ್ತರ ನಲವತ್ತು ನಿಮಿಷ ತಡವಾಯಿತು.
ಅಷ್ಟರಲ್ಲಿ ಅವಳನ್ನು ದೇವತೆ ಮಾಡಿ, ರಾಕ್ಷಸಿ ಮಾಡಿ,
ಮಣ್ಣೂ ಮಾಡಿ ಬಂದಿದ್ದೆ.
ಪಾಪ, ಅವಳು ತಲೆಸ್ನಾನ ಮಾಡುತ್ತಿದ್ದಳಂತೆ.
ನಾವೆಲ್ಲ ನಕ್ಕೆವು,
ನಲವತ್ತು ನಿಮಿಷದ ಉದ್ದ ಬಲ್ಲವರು ನಗುವ ಹಾಗೆ.

ಲಾರಿ ಓಡಿಸುವ ಇಯೆಸ್ಟಿನ್,
ಜೂನ್ ತಿಂಗಳಲ್ಲೂ ತುಂಬುತೋಳಿನ ಅಂಗಿಯವನು, ಹೇಳಿದ:
ಫ್ರಿಜ್ಜಿನಿಂದ ಬಟಾಣಿ ಪೊಟ್ಟಣ ತೆಗೆದು ಅಂಗೈಯಲ್ಲಿ ಹಿಡಿ.
ಅದು ಕರಗುವ ತನಕ
ಏನನ್ನೂ ತೀರ್ಮಾನಿಸಬೇಡ.

ಮೂರನೆಯ ವಾರ, ನಾನು ಮಾತಾಡುವಾಗ
ಹೋದನ್ ಗಡಿಯಾರ ನೋಡಿದಳು.
ಅಷ್ಟೇ.
ಏನೆಂದೆನೋ, ಈಗ ಬರೆಯಲಾರೆ.
ಬಾಗಿಲು ಬಡಿದ ಸದ್ದಿಗೆ ಒಂದು ಹುಟ್ಟು ಕಳಚಿ ಬಿತ್ತು.
ಅವರು ಬಿಡುವ ಮುನ್ನ ನಾನೇ ಬಿಟ್ಟುಬರುವುದು,
ನನ್ನ ಕೈಗೆ ಪಳಗಿದ ಒಂದೇ ಕಸುಬು.
ಫೆಬ್ರವರಿಯ ಕಡಲಗಾಳಿ. ಬಸ್ ನಿಲ್ದಾಣದಲ್ಲಿ ಗೊತ್ತಾಯಿತು:
ಕೋಟು ಅಲ್ಲೇ.

ಎರಡು ಮಂಗಳವಾರ ನಡುಗಿಕೊಂಡೇ ಇದ್ದೆ.
ಮೂರನೆಯದಕ್ಕೆ ಹೋದೆ.
ಕೋಟಿಗೆ ಮಾತ್ರ.

ಅದು ನನ್ನ ಕುರ್ಚಿಯ ಬೆನ್ನಿಗೇ ಇತ್ತು.
ಕುರ್ಚಿಯ ಗಿಡ್ಡ ಕಾಲಿನಡಿ
ಯಾರೋ ರಟ್ಟು ಮಡಿಸಿ ಇಟ್ಟಿದ್ದರು.
ಏಕೆ ಬರಲಿಲ್ಲ ಎಂದು ಯಾರೂ ಕೇಳಲಿಲ್ಲ.
ಇಯೆಸ್ಟಿನ್ ಮಾತ್ರ, ತಲೆ ಎತ್ತದೆ:
ಆ ಬಾಗಿಲ ತಿರುಪು ನಾನೇ ಮೊದಲು ಸಡಿಲ ಮಾಡಿದ್ದು. ಒಂಬತ್ತು ಸಲ.
ಹೋದನ್ ಎಂದಳು:
ಮಗಳ ಕೊನೆಯ ಬಸ್ಸು ಏಳೂ ಐವತ್ತಕ್ಕೆ, ಅದಕ್ಕೇ ನೋಡಿದ್ದು.
ಆಮೇಲೆ, ನೀನು ಅಂದದ್ದು ನನಗೆ ನೋವಾಗಿದೆ.
ಆಮೇಲೆ, ನಿನ್ನ ಜೇಬಿನ ಬಿಸ್ಕತ್ತು ನಾವು ತಿಂದುಬಿಟ್ಟೆವು.

ನೋವಾಗಿದೆ, ಅಂದಳು.
ಅಂದೂ ಅಲ್ಲೇ ಕೂತಿದ್ದಳು,
ಎದ್ದು ಹೋಗದೆ.
ಈ ಎರಡೂ ಒಂದೇ ಹೆಂಗಸಿನಲ್ಲಿ ಇರಬಹುದೆಂದು
ಮೂವತ್ನಾಲ್ಕು ವರ್ಷ ನನಗೆ ಯಾರೂ ತೋರಿಸಿರಲಿಲ್ಲ.

ಹೊರಡುವುದಕ್ಕೆಂದೇ ಕೋಟು ತೊಟ್ಟೆ.
ತೊಟ್ಟುಕೊಂಡೇ ಕೂತೆ.
ಕುರ್ಚಿ ಅಲ್ಲಾಡಲಿಲ್ಲ.
ಎಂಟೂವರೆಯ ತನಕ
ಗುಂಡಿ ಹಾಕಲಿಲ್ಲ.