ಎಡಗೈ ಗಂಟು

ಬಂಡಿಪಾಳ್ಯದ ಮಂಡಿಯಲ್ಲಿ ನನ್ನದು ಬರೆಯುವ ಕೆಲಸ.
ಬೆಳಗಿನ ಮೂರೂವರೆ, ಟ್ಯೂಬ್‌ಲೈಟಿನ ಕೆಳಗೆ
ಒದ್ದೆ ಗೋಣಿಯಲ್ಲಿ ಕೊತ್ತಂಬರಿ ಇಳಿಯುತ್ತದೆ.
ಉಸಿರಾಡುವ ಮಾಲು ಇದು. ಒಳಗೆ ಕೈಯಿಟ್ಟರೆ ಬಿಸಿ,
ಜ್ವರದ ಮಗುವಿನ ಕಂಕುಳ ಹಾಗೆ.

ಟವೆಲ್ಲಿನಡಿ ಬೆರಳು ಹಿಡಿದು ದರ ಆಗುತ್ತದೆ.
ನಾಲ್ಕು ಗಂಟೆಗೆ ಮೂರು ರೂಪಾಯಿ,
ಐದಕ್ಕೆ ಎರಡೂಕಾಲು,
ಬೆಳಕು ಹರಿದು ಎಲೆ ಎಲ್ಲರ ಕಣ್ಣಿಗೂ ಬಿದ್ದ ಮೇಲೆ
ಕೇಳಬೇಡಿ.

ಬರೆಯುತ್ತೇನೆ:
ಚಿಕ್ಕತಾಯಮ್ಮ, ಪಾಲಹಳ್ಳಿ. ಇನ್ನೂರು ಕಟ್ಟು, ಎರಡೂಕಾಲು.
ನಾನೂರೈವತ್ತು.
ಕಳೆ: ಕಮಿಷನ್ ನಲವತ್ತೈದು, ಹಮಾಲಿ ಇಪ್ಪತ್ತು,
ಟೆಂಪೋ ಬಾಡಿಗೆ ಅರವತ್ತು.
(ಹೊಲದಲ್ಲಿ ಆಕೆ ಕಿತ್ತ ಕಳೆ ಒಂದು,
ನಾನು ಬರೆಯುವುದು ಇನ್ನೊಂದು.)
ಉಳಿದ ಮುನ್ನೂರಿಪ್ಪತ್ತೈದು
ಪಟ್ಟಿಯೊಳಗೆ ಮಡಚಿ ಡ್ರೈವರ್ ಬೋರನ ಜೇಬಿಗೆ.

ಆಕೆಯನ್ನು ಕಂಡವನಲ್ಲ. ಗಂಟು ಮಾತ್ರ ಗೊತ್ತು:
ಬಾಳೆನಾರು, ಎಡಗೈಯವರ ಸುತ್ತು,
ತುದಿ ಒಳಗೆ, ಸೆರಗು ಸಿಕ್ಕಿಸಿದ ಹಾಗೆ.

ಒಂದು ಸಂಜೆ ಏಳಕ್ಕೆ ಅಗ್ರಹಾರದ ಮೂಲೆಯಲ್ಲಿ
ಸಾರಿಗೆಂದು ಒಂದು ಕಟ್ಟು ಕೊಂಡೆ. ಹತ್ತು ರೂಪಾಯಿ.
ಮನೆಯಲ್ಲಿ ಬಿಚ್ಚಲು ಹೋದರೆ ಬೆರಳು ತಡವರಿಸಿತು.
ಅದೇ ಗಂಟು.

ಜಗಳಕ್ಕೆಂದು ಎದ್ದೆ. ಯಾರ ಹತ್ತಿರ?
ಗಾಡಿಯ ಶಕೀಲಾಬಿ ನಲವತ್ತು ಕಟ್ಟು ತಂದು
ಹದಿನೈದನ್ನು ಹಸುವಿಗೆ ಹಾಕಿದ್ದು ನಾನೇ ನೋಡಿದ್ದೆ.
ಅವಳಿಗೆ ಕೊಟ್ಟವನು ಮಾರ್ಕೆಟ್ಟಿನ ಕಟ್ಟೆಗೆ ಬಾಡಿಗೆ ತೆರಬೇಕು,
ಅವನಿಗೆ ಕೊಟ್ಟವನು ನಮ್ಮ ಸಾಹುಕಾರರಿಗೆ ಬಾಕಿ,
ಸಾಹುಕಾರರು ನನಗೆ ಸಂಬಳ.
ಎಳೆಯುತ್ತ ಹೋದರೆ ನಾರಿನ ಇನ್ನೊಂದು ತುದಿ
ನನ್ನ ಪೆನ್ನಿಗೇ ಸುತ್ತಿಕೊಂಡಿತ್ತು.

ಮರುದಿನ, ಸಾಹುಕಾರರು ಟೀಗೆ ಹೋದಾಗ,
ಪಟ್ಟಿಯ ಹಿಂದೆ ಬರೆದೆ:
ಅಮ್ಮಾ, ಸಂಜೆ ಅಗ್ರಹಾರದಲ್ಲಿ ನಿಮ್ಮ ಕಟ್ಟು ಹತ್ತು ರೂಪಾಯಿ.
ಯಾಕೆ ಬರೆದೆನೋ. ಗೊತ್ತಾಗಿ ಆಕೆ ಮಾಡುವುದೇನು?
ಕಾಯುವುದು ಎಲೆಗೆ ಬರುವ ವಿದ್ಯೆಯಲ್ಲ.

ಎರಡು ದಿನ ಏನೂ ಇಲ್ಲ. ಮೂರನೆಯ ದಿನ ಬೋರ
ಸೀಟಿನ ಕೆಳಗಿಂದ ಬೇರೆಯೇ ಒಂದು ಕಟ್ಟು ತೆಗೆದ.
ಬೇರಿನ ಮಣ್ಣು ಇನ್ನೂ ಹಸಿ, ಗಂಟು ಎರಡು.
"ಬರ‍್ಯೋ ಅಯ್ಯಂಗೆ ಕೊಡು,
ದುಡ್ ಕೊಟ್ಟು ತಿನ್ಬ್ಯಾಡ ಅನ್ನು, ಅಂದವ್ಳೆ."

ಇನ್ನೂರು ಎಣಿಸಿ ಬರೆದೆ.
ಇನ್ನೂರೊಂದಕ್ಕೆ ಪುಸ್ತಕದಲ್ಲಿ ಕಲಂ ಇಲ್ಲ.
ಮಣ್ಣು ಉದುರಿ ಅಂಕಿಗಳ ಮೇಲೆ ಬಿತ್ತು,
ಒರೆಸಲು ಹೋಗಿ ಬಳಿದುಹೋಯಿತು.
ಆಗ ನಾಲ್ಕು ಗಂಟೆ. ಯಾರೋ ಟವೆಲ್ ಕೊಡವಿದರು.