ಏಳು ಸೆಕೆಂಡಿನ ದಾಕ್ಷಿಣ್ಯ

ಬಟೂಮಿಯಲ್ಲಿ ಗೋಡೆಗೂ ಬೆವರು.
ಒಣಗಿಸಿಟ್ಟ ಗಿಡಗಳ ಈ ಕೋಣೆಯಲ್ಲಿ
ನುಸಿಗುಳಿಗೆ ವಾಸನೆ, ಹದಿನೆಂಟು ಬೀರು.
ಕಪ್ಪು ಸಮುದ್ರ ಕಿಟಕಿಯ ಸಂದಿಯಿಂದ ಕೈ ತೂರಿಸಿ
ಒಂದೊಂದೇ ಹಾಳೆಯ ಅಂಚು ಮುಟ್ಟಿ ನೋಡುತ್ತದೆ.

ಲಾಮಾರಾ ಅವರಿಗೆ ಎರಡು ವರ್ಷದಿಂದ ಒಂದೇ ಕೆಲಸ:
ಎ ಕಾಲಮ್ಮಿನ ಹಳೆಯ ಹೆಸರು ಎತ್ತಿಕೊಂಡು
ಸಕಲ ಜೀವಿಗಳ ಲೆಕ್ಕ ಇಟ್ಟ ದೂರದ ತಾಣದಲ್ಲಿ
ಈಗ ಇದಕ್ಕೇನೆನ್ನುತ್ತಾರೆ ಎಂದು ಕೇಳಿ
ಬಂದದ್ದನ್ನು ಬಿ ಕಾಲಮ್ಮಿಗೆ ತಂದು ಕೂರಿಸುವುದು.
ಗಿಡಗಳ ಹೆಸರೂ ಬದಲಾಗುತ್ತದೆ,
ಈ ಊರಿನ ಬೀದಿಗಳ ಹಾಗೆ:
ಫಲಕ ಹೊಸದು, ಹೊಂಡ ಅದೇ.
ಆರು ಸಾವಿರದ ನೂರ ನಲವತ್ತು ಸಾಲು.
ಅವರಿನ್ನೂ ೨೨೦೭ರಲ್ಲಿ.

ನಾನು ಬಂದದ್ದು ಸ್ಕ್ಯಾನರ್ ರಿಪೇರಿಗೆ.
ನೋಡಿ ತಡೆಯಲಾಗಲಿಲ್ಲ.
ಬಾಟ್ ಒಂದು ಮಾಡಿಕೊಡುತ್ತೇನೆ, ಮೂರು ರಾತ್ರಿ ಸಾಕು, ಅಂದೆ.
ಅವರು ಕನ್ನಡಕ ಒರೆಸಿಕೊಂಡರು. ಏನೂ ಅನ್ನಲಿಲ್ಲ.

ಮೊದಲ ರಾತ್ರಿ ಅದು ಸಾಲುಸಾಲಿಗೂ ಎಡವಿತು.
ಹೆಸರಿನ ಬಾಲದಲ್ಲೊಂದು ಖಾಲಿ ಜಾಗ,
ಯಾರದೋ ಹೆಬ್ಬೆರಳು ಕೀಲಿಯ ಮೇಲೆ
ಒಂದು ಗಳಿಗೆ ಹೆಚ್ಚು ನಿಂತ ಗುರುತು.
ನಮಗೆ ಕಾಣದ್ದು. ಅದಕ್ಕೆ ಅದೂ ಒಂದು ಅಕ್ಷರ.
ಸಿಗಲಿಲ್ಲ ಸಿಗಲಿಲ್ಲ ಸಿಗಲಿಲ್ಲ ಎಂದು
ನಾನೂರು ಸಲ ಬರೆದು ಬೆಳಗು ಮಾಡಿತು.
ಬಾಲ ಕತ್ತರಿಸಲು ಕಲಿಸಿದೆ.

ಎರಡನೆಯ ರಾತ್ರಿ ಅತಿ ವೇಗ.
ಉಸಿರು ಬಿಡದೆ ಕೇಳಿದರೆ ಯಾರು ತಾನೇ ಸಹಿಸುತ್ತಾರೆ?
ಆ ಕಡೆಯ ಸರ್ವರ್ ಬಾಗಿಲು ಹಾಕಿಕೊಂಡಿತು.
ಸರಿ, ಇದಕ್ಕೆ ದಾಕ್ಷಿಣ್ಯ ಕಲಿಸಬೇಕು.
ಎಷ್ಟು ಸೆಕೆಂಡಿನ ದಾಕ್ಷಿಣ್ಯ?
ಮಾರನೆಯ ದಿನ ಲಾಮಾರಾ ಅವರ ಹಿಂದೆ ಕೂತು
ಗಡಿಯಾರ ಹಿಡಿದು ಎಣಿಸಿದೆ.
ಒಂದು ಹೆಸರಿಗೂ ಇನ್ನೊಂದಕ್ಕೂ ನಡುವೆ
ಅವರು ಹಾಳೆಯ ಕಡೆ ತಿರುಗಿ
ಆ ಒಣ ಗಿಡವನ್ನೊಮ್ಮೆ ನೋಡುತ್ತಾರೆ.
ಏಳು ಸೆಕೆಂಡು.
ಯಾಕೆ ನೋಡುತ್ತೀರಿ?
'ಹೆಸರು ಬದಲಾಯಿಸುತ್ತಿದ್ದೇವಲ್ಲ, ಮುಖ ನೋಡದೆ ಹೇಗೆ?'

ಏಳು ಎಂದು ಬರೆದೆ.
ಬಾಟ್ ಈಗ ಏಳು ಸೆಕೆಂಡು
ಏನನ್ನೂ ನೋಡದೆ ಕಾಯುತ್ತದೆ.

ರಾತ್ರಿ ಒಂಬತ್ತಕ್ಕೆ ಬಿಟ್ಟು ಹೋದದ್ದು
ಬೆಳಕು ಹರಿಯುವಷ್ಟರಲ್ಲಿ ಮುಗಿಸಿ ಕೂತಿತ್ತು.
ಲಾಮಾರಾ ಜೆಜ್ವೆಯಲ್ಲಿ ಕಾಫಿ ಕಾಸಿ ತಂದು
ಬೆರಳಿಟ್ಟು ಓದುತ್ತ ಹೋದರು.
೨೯೧೧ರಲ್ಲಿ ನಕ್ಕರು.
ಕಾಲುವೆ ದಂಡೆಯ ಈನಾಂಥೆ ಗಿಡಕ್ಕೆ
ಬಾಟ್ ತಂದಿಟ್ಟದ್ದು ಒಂದು ಹಕ್ಕಿ!
ಎರಡಕ್ಕೂ ಒಂದೇ ಹೆಸರಿಟ್ಟ ಪುಣ್ಯಾತ್ಮರು ಯಾರೋ.
'ಏಳನೇ ಬೀರುವಿನಲ್ಲಿ ಹಕ್ಕಿ ಒತ್ತಿ ಒಣಗಿಸಿಟ್ಟಿದ್ದೇವಂತೆ, ನೋಡು.'

ಆಮೇಲೆ ೩೩೧೬.
ಬಿ ಖಾಲಿ. ಪಕ್ಕದಲ್ಲಿ ಬಾಟಿನ ಷರಾ:
ಮೂರು ಸಲ ಕೇಳಿದೆ, ಸಿಗಲಿಲ್ಲ.
ಎ ಕಾಲಮ್ಮಿನಲ್ಲಿ ಇದ್ದದ್ದು:
ಗೊತ್ತಿಲ್ಲ. ಖುಲೋ ದಾರಿಯಲ್ಲಿ ಬಸ್ಸು ಕೆಟ್ಟ ಕಡೆಯ ಹುಲ್ಲು.

ಅಂದರೆ ರಾತ್ರಿ ಹನ್ನೊಂದರ ಮೇಲೆ
ಬಂದರಿನ ಕ್ರೇನುಗಳೂ ತೂಕಡಿಸುವ ಹೊತ್ತಿನಲ್ಲಿ
ನನ್ನ ಯಂತ್ರ
ಸಮಸ್ತ ಜೀವಿಗಳ ದಫ್ತರದ ಬಾಗಿಲು ತಟ್ಟಿ
ಬಸ್ಸು ಕೆಟ್ಟ ಕಡೆಯ ಹುಲ್ಲು ಇದೆಯೇ ಎಂದು
ಏಳೇಳು ಸೆಕೆಂಡು ಬಿಟ್ಟು
ಮೂರು ಸಲ
ಮರ್ಯಾದೆಯಿಂದ ಕೇಳಿದೆ.

ಅವರು ಎದ್ದು ಹೋಗಿ ಹಾಳೆ ತಂದರು.
ಅಕ್ಷರ ಅವರದೇ, ಇಪ್ಪತ್ತೆರಡರ ವಯಸ್ಸಿನದು.
ಬುಡದಲ್ಲಿ ಡೀಸೆಲ್ಲಿನದೋ ಏನೋ, ಒಂದು ಕಲೆ.
ಬಸ್ಸು ಎಷ್ಟು ಹೊತ್ತು ನಿಂತಿತ್ತು, ಜೊತೆಗೆ ಇನ್ನಾರು ಇಳಿದರು,
ಕೇಳಲು ನನಗೂ ಬಾಯಿ ಬರಲಿಲ್ಲ.
ಏಳು ಸೆಕೆಂಡಿಗಿಂತ ಹೆಚ್ಚೇ ನೋಡಿದರು.

'ಸಾಲು ಅಳಿಸಬೇಡ,' ಅಂದರು.
'ಇದನ್ನು ಮತ್ತೆ ಕೇಳಬೇಡ ಅನ್ನು, ಅಷ್ಟೇ.'

ಬರೆದೆ: ಹೆಸರಿನಲ್ಲಿ ಬಸ್ಸು ಅಂತಿದ್ದರೆ ಮುಂದೆ ಹೋಗು.
ಇಡೀ ಪ್ರೋಗ್ರಾಮಿನಲ್ಲಿ
ಕಾರಣ ಬರೆಯದೆ ಬಿಟ್ಟದ್ದು ಅದೊಂದೇ.
ಮುಂದೆ ಯಾರಾದರೂ ಓದಿ ತಲೆ ಕೆರೆದುಕೊಳ್ಳಲಿ.

ಲಾಮಾರಾ ಚರಟ ಉಳಿದ ಬಟ್ಟಲು ಬೋರಲು ಹಾಕಿ
೩೩೧೭ಕ್ಕೆ ಬೆರಳಿಟ್ಟರು.